ಜೋಗುಳದ ತುದಿ

ಚಪ್ಪಾಳೆ ಜೋರಾಗಿ ಬಿದ್ದಾಗ ಸಮತಾಳ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಗೆಳತಿ ಮಾಸೂಮಾ ಅದನ್ನು ಸಂತೋಷದ ನೀರೆಂದುಕೊಂಡು ಕರ್ಚೀಪು ಕೊಟ್ಟಳು. ಅದು ಸಂತೋಷವಲ್ಲ, ಸಿಟ್ಟು. ಅವಳ ಊರು ತಡಸದ ಅಪ್ಪಟ ಸಿಟ್ಟು, ಮೂಗಿನ ತುದಿಯಲ್ಲಿ ಶುರುವಾಗಿ ಕಿವಿಯವರೆಗೆ ಏರುವಂಥದು.

ವೇದಿಕೆಯ ಮೇಲೆ ಧೀರೇಂದ್ರ ವಾಯೊಲಿನ್ ಕೆಳಗಿಳಿಸಿ ಕೈ ಮುಗಿದ. ಕೇಳುವವರ ನಡುವೆ ಅವಳನ್ನು ಹುಡುಕಿದ. ಸಿಕ್ಕಳು. ನಕ್ಕ. ಆ ನಗು ಚೆಂದವಿತ್ತು ಅನ್ನುವುದು ಅವಳ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯಿತು.

ಸವಣೂರಿನ ಆ ಸಂಗೀತ ಶಾಲೆಯನ್ನು ಊರವರು ಹಾಡಿನ ಬಂಗ್ಲೆ ಅನ್ನುತ್ತಾರೆ. ಹಾಡಲು, ನುಡಿಸಲು ಕಲಿಸುವ ಕಡೆ ಬೇಕಾದಷ್ಟಿವೆ; ಇಲ್ಲಿ ಹೊಸ ಸಂಗೀತ ಕಟ್ಟುವುದನ್ನೂ ಕಲಿಸುತ್ತಾರೆ. ಆ ಕಂಪೋಸಿಶನ್ ಕ್ಲಾಸು ಹಜರತಅಲಿ ಸರ್ ಅವರದು, ನಿಯಮವೂ ಅವರದೇ. ಬರೆದವರು ತಮ್ಮ ಕೃತಿಯನ್ನು ತಾವು ನುಡಿಸುವಂತಿಲ್ಲ. ಚೀಟಿ ಎತ್ತಿ ಇನ್ನೊಬ್ಬರಿಗೆ ಒಪ್ಪಿಸಬೇಕು, ತಾವು ಕೇಳುವವರ ನಡುವೆ ಕೈ ಕಟ್ಟಿ ಕೂರಬೇಕು. "ಮಗಳನ್ನ ಕೊಟ್ಟಂಗ," ಅನ್ನುತ್ತಿದ್ದರು ಸರ್. "ಕೊಟ್ಟ ಮ್ಯಾಲೆ ಅವರ ಮನ್ಯಾಗ ಇಣುಕಬಾರದು." ನುಡಿಸುವವರಿಗೂ ಒಂದು ಸಲಿಗೆ ಇತ್ತು. ಕೃತಿಯ ಯಾವುದಾದರೂ ಒಂದು ಜಾಗದಲ್ಲಿ, ಒಂದೇ ಜಾಗದಲ್ಲಿ, ತಮಗೆ ತೋಚಿದ್ದನ್ನು ಸೇರಿಸಬಹುದು.

ಸಮತಾಳ ಕೃತಿಯ ಚೀಟಿ ಧೀರೇಂದ್ರನಿಗೆ ಬಂದಿತ್ತು. ಅವನು ತನ್ನ ಸಲಿಗೆಯನ್ನು ಕೊನೆಗೆ ಬಳಸಿದ. ಅವಳು ಬರೆಯದೇ ಬಿಟ್ಟ ಕೊನೆಗೆ ತಿಹಾಯಿ ಹಾಕಿದ. ಅಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ, ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಕೂರುವ ಹಳೆಯ ಜಾಣತನ. ಲೆಕ್ಕ ಅಷ್ಟು ಚೊಕ್ಕವಾಗಿದ್ದರೆ ಯಾರಾದರೂ ಚಪ್ಪಾಳೆ ತಟ್ಟಲೇಬೇಕು. ತಟ್ಟಿದರು.

ಸಂಜೆ ಅವಳು ಅವನನ್ನು ದೊಡ್ಡ ಹುಣಸೆ ಮರದ ಕೆಳಗೆ ಹಿಡಿದಳು. ಹೆಸರಿಗೆ ಹುಣಸೆ, ನಿಜಕ್ಕೂ ಹುಣಸೆಯಲ್ಲ. ಎಲ್ಲಿಂದಲೋ ಬಂದು ಇಲ್ಲಿ ಬೇರು ಬಿಟ್ಟ ಮರ, ಹತ್ತು ಮಂದಿ ಕೈ ಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ. ಅವನು ಬುಡಕ್ಕೆ ಒರಗಿ ಮಂಡಕ್ಕಿಯ ಗಿರ್ಮಿಟ್ ತಿನ್ನುತ್ತಿದ್ದ.

"ಯಾರು ಹೇಳಿದ್ರಿ ನಿಮಗ ಅದನ್ನ ಮುಗಸಂತ?"

ಅವನು ಎದ್ದು ನಿಂತ. "ತುದಿ ಇರಲಿಲ್ಲಲ್ರೀ. ಬರೀಲಿಕ್ಕೆ ಮರತೀರಿ ಅನಕೊಂಡೆ."

"ಮರಿಯಾಕ ಅದೇನು ಛತ್ರಿ ಏನ್ರಿ?"

ಅವನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿದ. ಅಂಗಿಯ ಮೇಲೆ ಕಮಾನಿಗೆ ತಿಕ್ಕುವ ರಾಳದ ಬಿಳಿ ಪುಡಿ ಹಾಗೇ ಇತ್ತು. ಅದನ್ನು ಝಾಡಿಸಬೇಕು ಅಂತ ಸಮತಾಳ ಕೈಗೆ ಯಾಕೋ ಅನಿಸಿತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅದು ನಮ್ಮ ಆಯಿ ಹಾಡತಿದ್ದ ಜೋಗುಳ," ಅಂದಳು. ಅವಳ ಆಯಿ ಅಂದರೆ ಅವ್ವನ ಅವ್ವ. "ನನ್ನನ್ನ ತೊಡಿ ಮ್ಯಾಲೆ ಹಾಕ್ಕೊಂಡು ಹಾಡತಿದ್ಲು. ತುದಿ ಬರೂದ್ರಾಗ ನಂಗ ನಿದ್ದಿ ಬಂದಿರತಿತ್ತು. ನಮ್ಮವ್ವನೂ ಹಂಗ, ಮಾಮಾನೂ ಹಂಗ. ಜೋಗುಳದ ತುದಿ ಯಾವ ಕೂಸು ಕೇಳೈತಿ ಹೇಳ್ರಿ? ಈಗ ಆಯಿ ಇಲ್ಲ. ಅದಕ್ಕ ಆ ಜಾಗಾ ಖಾಲಿ ಬಿಟ್ಟಿದ್ದೆ. ನೀವು ಅಲ್ಲಿ..."

ಧೀರೇಂದ್ರನ ಕೈಯಲ್ಲಿದ್ದ ಗಿರ್ಮಿಟ್ ಪೊಟ್ಟಣ ನಿಧಾನಕ್ಕೆ ಕೆಳಗಿಳಿಯಿತು.

"ತಪ್ಪಾತು," ಅಂದ. "ಮಲಗಿದ ಕೂಸಿನ ಕಿವ್ಯಾಗ ಪಟಾಕಿ ಹಚ್ಚಿದಂಗಾತು ನಂದು."

ತಪ್ಪು ಒಪ್ಪಿಕೊಳ್ಳುವ ಗಂಡಸರನ್ನು ಸಮತಾ ಬಹಳ ನೋಡಿರಲಿಲ್ಲ. ಅವಳ ಸಿಟ್ಟು ಮುಂದೆ ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ಮರದ ಬುಡದಲ್ಲಿ ಕುಳಿತುಬಿಟ್ಟಿತು. ಅವಳೂ ಕುಳಿತಳು.

ಮರುದಿನ ಹಜರತಅಲಿ ಸರ್ ತೀರ್ಪು ಹೇಳಿದರು. "ತುದಿ ಇಲ್ಲದ್ದು ಕೃತಿ ಅಲ್ಲವಾ. ಧೀರೇಂದ್ರಂದು ತುದಿ ಇದ್ರ ಮಾರ್ಕ್ಸ್ ಧೀರೇಂದ್ರಗ. ವರ್ಷದ ಕಛೇರಿಗೆ ಅಂವನ ನುಡಸ್ತಾನ, ಆದ್ರ ತುದಿ ನಿಂದಿರಬೇಕು. ಇಲ್ಲಂದ್ರ ನಾ ಪಾಸ್ ಮಾಡಂಗಿಲ್ಲ."

ಕೊನೆಯ ವರ್ಷ. ನಪಾಸಾದರೆ ಅಪ್ಪ ಹುಲಗೇಶನ ಮುಂದೆ ನಿಲ್ಲುವುದು ಕಷ್ಟವಿತ್ತು. ಆದರೆ ಸಮತಾಳನ್ನು ಕಾಡಿದ್ದು ಅದಲ್ಲ. ಆಯಿಯದೆಂದು ಉಳಿದದ್ದು ಆ ಹಾಡೊಂದೇ. ಅದಕ್ಕೆ ಒಮ್ಮೆ ಸುಳ್ಳು ತುದಿ ಅಂಟಿತೆಂದರೆ ನಿಜದ್ದು ಮತ್ತೆಂದೂ ಮರಳಿ ಬರಲಾರದು ಎಂದು ಅವಳಿಗೆ ಭಯವಿತ್ತು.

ಹಾಗೆ ಶುರುವಾದವು ಮರದ ಕೆಳಗಿನ ಸಂಜೆಗಳು. ಅವಳು ಹಾಡುವುದು, ಅವನು ನುಡಿಸುವುದು. ಹಾಡು ಒಂದೊಂದೇ ಮೆಟ್ಟಿಲು ಏರಿ ಏಳನೇ ಸ್ವರ ನಿಷಾದಕ್ಕೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮೇಲಿನ ಷಡ್ಜ ಒಂದೇ ಹೆಜ್ಜೆ. ಕಾಲೆತ್ತಿ ಇಟ್ಟರೆ ಮುಗಿಯಿತು. ಇಟ್ಟಾಗಲೆಲ್ಲ ಸಮತಾ ತಲೆ ಅಲ್ಲಾಡಿಸುತ್ತಿದ್ದಳು.

"ಅಲ್ಲ. ಇದು ಆಯಿದಲ್ಲ."

"ಹಾಡಿದ್ದೇ ಹಾಡೋ ಕಿಸಬಾಯಿದಾಸ ಆಗೀನಿ ನಾನು," ಅಂದ ಧೀರೇಂದ್ರ ಒಂದು ಸಂಜೆ.

"ಗಿರ್ಮಿಟ್ಟಿನ ಉಳ್ಳಾಗಡ್ಡಿ ತಿಂದಿದ್ದು ನಿಮ್ಮ ಮನ್ಯಾಗ ಹೇಳ್ಲೇನು? ಸುಮ್ಮನ ನುಡಸ್ರಿ."

ಅವನು ಗಾಬರಿಯಾದವನಂತೆ ಬಾಯಿಗೆ ಕೈ ಅಡ್ಡ ಹಿಡಿದ, ಮೇಲಿನಿಂದ ಕಣ್ಣು ಮಾತ್ರ ಕಾಣುವಂತೆ. ಆ ಕಣ್ಣುಗಳಲ್ಲಿ ಗಾಬರಿ ಇರಲಿಲ್ಲ. ಸಮತಾ ದೃಷ್ಟಿ ತೆಗೆಯಲು ಸ್ವಲ್ಪ ತಡ ಮಾಡಿದಳು, ಅವನು ಅದನ್ನು ಗಮನಿಸಿದ, ಗಮನಿಸಿದ್ದನ್ನು ಅವಳೂ ಗಮನಿಸಿದಳು. ಇಬ್ಬರೂ ಏಕಕಾಲಕ್ಕೆ ಮರದ ಕೊಂಬೆ ನೋಡತೊಡಗಿದರು.

ಅವನ ಮನೆಯೊಳಗೆ ಈರುಳ್ಳಿ ಬರುತ್ತಿರಲಿಲ್ಲ; ಅಜ್ಜನ ಕಾಲದ ಸಂಸ್ಕೃತ ಗ್ರಂಥಗಳು ಕಪಾಟು ತುಂಬ ಇದ್ದವು. ತಾಯಿ ಕೃಷ್ಣಾಬಾಯಿ ಶಿಗ್ಗಾವಿಯ ಕೋರ್ಟಿನಲ್ಲಿ ವಕೀಲೆ. ಸಮತಾಳ ಮನೆಯಲ್ಲಿ ಗೋಡೆಗೆ ಬುದ್ಧನ ಫೋಟೊ, ಅಂಗಳದಲ್ಲಿ ಅಪ್ಪನ ಟೆಂಪೋ, ಹಿಂದೆ ಒಂದು ತುಂಡು ಹೊಲ. ಆ ಮನೆಯ ಅಡಿಗೆಮನೆಗೂ ಈ ಮನೆಯ ಹೊಸ್ತಿಲಿಗೂ ಎಷ್ಟು ದೂರವೆಂದು ಸಮತಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನೆಂದರೆ ಇಷ್ಟ ಅನ್ನುವುದನ್ನೂ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡನ್ನೂ ಅವಳು ಒಳಗೇ ಇಟ್ಟುಕೊಂಡಳು.

"ನಿಮ್ಮ ಆಯಿಗೆ ಅಕ್ಕ ತಂಗೇರು ಯಾರೂ ಇಲ್ಲೇನ್ರೀ?" ಅಂತ ಅವನು ಕೇಳಿದ ಕೂಡಲೇ ಅವಳಿಗೆ ನೆನಪಾಯಿತು. ಆಯಿಯ ತಂಗಿ ಗುತ್ತೆವ್ವ ಹಿರೇಕೆರೂರಿನ ಆಚೆಯ ಹಳ್ಳಿಯಲ್ಲಿ, ಮಗಳ ಮನೆಯಲ್ಲಿದ್ದಳು.

ರವಿವಾರ ಬೆಳಗಿನ ಬಸ್ಸು ಹಿಡಿದರು. ಕಂಡಕ್ಟರ್ ಸಮತಾಳ ಆಧಾರ್ ನೋಡಿ ಫ್ರೀ ಟಿಕೇಟು ಹರಿದ. ಧೀರೇಂದ್ರ ಜೇಬಿಗೆ ಕೈ ಹಾಕಿದ.

"ನಿಮ್ಮ ತುದಿ ಹುಡುಕ್ಲಿಕ್ಕೆ ಹೊಂಟೀವಿ, ನಿಮಗ ಫ್ರೀ, ನಂಗ ರೊಕ್ಕ. ಇದ್ಯಾವ ನ್ಯಾಯರೀ?"

"ತಿಹಾಯಿ ಹಾಕಿದ್ದಕ್ಕ ದಂಡ ಅನಕೊಳ್ರಿ," ಅಂದಳು. ಹಾನಗಲ್ಲಿನಲ್ಲಿ ಬಸ್ಸು ಬದಲಿಸುವವರೆಗೂ ಅವನು ಅದಕ್ಕೇ ನಗುತ್ತಿದ್ದ.

ಗುತ್ತೆವ್ವ ಅಂಗಳದ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಸಮತಾಳ ಗಲ್ಲ ಹಿಡಿದು ಲಟಿಕೆ ತೆಗೆದು, ಹಿಂದೆ ನಿಂತವನತ್ತ ಕಣ್ಣು ಕಿರಿದು ಮಾಡಿದಳು.

"ಇಂವ ಯಾರಬೇ?"

"ನನ್ನ ಹಾಡು ನುಡಸಾವ್ರು, ಸಣ್ಣಾಯಿ."

"ಹಂಗಾರ ಚೊಲೋ ಉಣ್ಣಾಕ ಹಾಕು. ಭಾಳ ಬಡಕಲ ಅದಾನ."

ಊಟವಾದ ಮೇಲೆ ಸಮತಾ ಅವಳ ಪಕ್ಕ ಕೂತು ಹಾಡಿನ ಮೊದಲ ಸಾಲು ತೆಗೆದಳು. ಮುದುಕಿಯ ಮುಖ ಅರಳಿತು. ಕೈ ತಾನಾಗಿ ತೊಡೆ ತಟ್ಟತೊಡಗಿತು. ಧೀರೇಂದ್ರ ಸದ್ದಾಗದಂತೆ ಮೊಬೈಲಿನ ರೆಕಾರ್ಡರ್ ಒತ್ತಿ ಹೊರಸಿನ ಮೇಲಿಟ್ಟ. ಗುತ್ತೆವ್ವನ ಧ್ವನಿ ಸೀಳಿತ್ತು, ಆದರೆ ದಾರಿ ತಪ್ಪಲಿಲ್ಲ. ಒಂದೊಂದೇ ಮೆಟ್ಟಿಲು. ನಿಷಾದ ಬಂತು. ಇಬ್ಬರೂ ಉಸಿರು ಹಿಡಿದರು.

ಗುತ್ತೆವ್ವನ ಗದ್ದ ಎದೆಗೆ ಇಳಿಯಿತು. ಸಣ್ಣಗೆ ಗೊರಕೆ ಕೇಳಿಸಿತು.

ಸಮತಾ ಅವನನ್ನು ನೋಡಿದಳು, ಅವನು ಅವಳನ್ನು ನೋಡಿದ. ನಗು ಮೊದಲು ಅವನ ಹೆಗಲಿಗೆ ಬಂತು, ಆಮೇಲೆ ಅವಳ ತುಟಿಗೆ. ಮುದುಕಿ ಏಳಬಾರದೆಂದು ಇಬ್ಬರೂ ಬಾಯಿಗೆ ಓಢಣಿ, ಕರ್ಚೀಪು ತುರುಕಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಎಚ್ಚರಾದ ಮೇಲೆ ಗುತ್ತೆವ್ವ ನಾಚಿಕೆಯಿಂದ ಹೇಳಿದಳು: "ನಾನೂ ತುದಿ ಕೇಳಿಲ್ಲವ್ವಾ. ಅಕ್ಕ ನನ್ನನ್ನೂ ಇದನ್ನ ಹಾಡೇ ಮಲಗಸ್ತಿದ್ಲು."

ಮರಳುವಾಗ ಹಾನಗಲ್ಲಿನಿಂದ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇಳಿಬಿಸಿಲು ಗೋವಿನಜೋಳದ ಹೊಲಗಳ ಮೇಲೆ ಹಳದಿಯಾಗಿ ಬಿದ್ದಿತ್ತು.

"ಒಮ್ಮೆ ನೀವು ಗುನುಗ್ರಿ," ಅಂದ ಧೀರೇಂದ್ರ. "ಪೂರ್ತಿ. ತಲಿಗೆ ಮರತದ್ದು ಬಾಯಿಗೆ ನೆನಪಿರತದ."

ಅವಳು ಗುನುಗಿದಳು. ಬಸ್ಸಿನ ಸದ್ದಿನ ಕೆಳಗೆ, ಅವನೊಬ್ಬನಿಗೇ ಕೇಳುವಷ್ಟು. ಅವನ ತಲೆ ಒಮ್ಮೆ ವಾಲಿತು, ಎಚ್ಚೆತ್ತಿತು, ಮತ್ತೆ ವಾಲಿ ಅವಳ ಹೆಗಲಿಗೆ ಬಂದು ನಿಂತಿತು. ಸಮತಾ ನಿಷಾದದ ಮೇಲಿದ್ದಳು. ನೋಡಿದಳು. ಮಲಗಿಬಿಟ್ಟಿದ್ದ.

ಅವಳು ಹಾಡು ನಿಲ್ಲಿಸಿದಳು. ನಿಲ್ಲಿಸಿದ ಮೇಲೆ ಅವಳಿಗೆ ತಿಳಿಯಿತು. ಮಲಗಿದ ಮೇಲೆ ಯಾರಾದರೂ ಯಾಕೆ ಹಾಡುತ್ತಾರೆ? ಆಯಿಯೂ ಇಲ್ಲೇ ನಿಲ್ಲಿಸಿರಬೇಕು. ತುದಿ ಕಳೆದುಹೋಗಿರಲಿಲ್ಲ, ಇರಲೇ ಇಲ್ಲ. ಅವಳಿಗೆ ಅಳು ಬಂತು, ಈ ಸಲ ಮಾಸೂಮಾ ತಿಳಿದಂಥದೇ ಅಳು.

ಹೆಗಲ ಮೇಲೆ ಅವನ ತಲೆ ಬೆಚ್ಚಗಿತ್ತು. ಇಷ್ಟು ಹತ್ತಿರ ಅವನನ್ನು ಅವಳು ನೋಡಿರಲಿಲ್ಲ. ಹುಬ್ಬಿನ ಪಕ್ಕ ಒಂದು ಸಣ್ಣ ಗಾಯದ ಗುರುತು, ಗದ್ದದ ಕೆಳಗೆ ವಾಯೊಲಿನ್ ಒತ್ತಿ ಒತ್ತಿ ಕಪ್ಪಾದ ಜಾಗ.

"ನೀ ಎಚ್ಚರಿದ್ದಾಗ ಇದನ್ನ ಹೇಳಾಕ ನನಗ ಎದಿ ಇಲ್ಲ," ಅಂದಳು ಮೆಲ್ಲಗೆ. "ನೀ ಅಂದ್ರ ನನಗ ಭಾಳ ಇಷ್ಟ. ನಿಮ್ಮನಿಗೆ ನಮ್ಮನಿಗೆ ಭಾಳ ದಾರಿ ಐತಿ, ಅದಕ್ಕ ಕೇಳಬ್ಯಾಡ. ಮಲಕ್ಕೊ."

ಗಾಳಿ ಬೀಸುತ್ತಿತ್ತು. ಓಢಣಿಯ ತುದಿಯನ್ನು ಅವನ ಕಿವಿಗೆ ಹೊದಿಸಿದಳು. ಬಂಕಾಪುರದ ಹತ್ತಿರ ಎಲ್ಲೋ ನವಿಲು ಕೂಗಿತು. ಅವಳು ಹೊರಗೆ ನೋಡುತ್ತ, ಬಾಯಲ್ಲಿ ಏನೋ ಗುನುಗುತ್ತ, ಆ ತೂಕ ಹೆಗಲಿನಿಂದ ಏಳದಿರಲಿ ಎಂದಷ್ಟೇ ಬೇಡಿಕೊಳ್ಳುತ್ತ ಕುಳಿತಿದ್ದಳು.

ಸವಣೂರು ಸ್ಟ್ಯಾಂಡಿನಲ್ಲಿ ಅವನು ಕಣ್ಣುಜ್ಜಿಕೊಂಡು ಎದ್ದ. "ಬಂತೇನ್ರೀ?" ಅಂದ. ಅವಳ ಮುಖ ನೋಡಲಿಲ್ಲ.

ಮರುದಿನ ಸಮತಾ ಕೃತಿಯ ಕೊನೆಯಲ್ಲಿ ಬರೆದಳು: ನಿಷಾದ, ಇಲ್ಲಿ ನಿಲ್ಲಿಸಿ. ಧೀರೇಂದ್ರ ಅದನ್ನು ಎರಡು ಸಲ ಓದಿದ.

"ನನ್ನ ಸಲಿಗೆ ಇನ್ನೂ ಅದ ಏನ್ರೀ?" ಅಂತ ಕೇಳಿದ.

"ಐತಿ. ತಿಹಾಯಿ ಹಾಕಿದ್ರ ಮಾತ್ರ ವಾಯೊಲಿನ್ ಮುರೀತೇನಿ."

ಅವನು ನಗಲಿಲ್ಲ. ಆಮೇಲೆ ಮರದ ಕೆಳಗೂ ಬರಲಿಲ್ಲ. ಒಬ್ಬನೇ ಪ್ರ್ಯಾಕ್ಟೀಸ್ ಮಾಡುತ್ತೇನೆ ಅಂದ, ಸಂಜೆಯಾದರೆ ಶಿಗ್ಗಾವಿ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದ. ಕಾರಿಡಾರಿನಲ್ಲಿ ಎದುರಾದರೆ ತಲೆ ತಗ್ಗಿಸಿ ದಾಟುತ್ತಿದ್ದ. ಸಮತಾ ಮರದ ಬುಡದಲ್ಲಿ ಒಬ್ಬಳೇ ಕೂತು ಗಿರ್ಮಿಟ್ ತಿಂದಳು, ರುಚಿಸಲಿಲ್ಲ. ಕೇಳಬ್ಯಾಡ ಅಂದವಳು ಅವಳೇ. ಆದರೂ ಅವನು ಎಲ್ಲ ಊಹಿಸಿ ದೂರ ಸರಿದ ಎಂದು ಮನಸ್ಸು ಮುದುಡಿತು. ಅವನ ವಾಯೊಲಿನ್ ಯಾವ ಕೋಣೆಯಿಂದ ಕೇಳಿದರೂ ಅವಳ ಕಾಲು ಅಲ್ಲೇ ನಿಲ್ಲುತ್ತಿತ್ತು.

ಕಛೇರಿಯ ದಿನ ಅವ್ವ ಸುಧಾರಾಣಿ ತಡಸದಿಂದ ಬಂದಳು, ಹೊಸ ಇಳಕಲ್ ಸೀರೆ ಉಟ್ಟು. ಅದೇ ಸಾಲಿನ ತುದಿಯಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬರು ಬಂದು ಕುಳಿತರು. ಮೂಗು ನೋಡಿಯೇ ಸಮತಾಗೆ ಗೊತ್ತಾಯಿತು, ಕೃಷ್ಣಾಬಾಯಿ. ಅವಳು ಅವ್ವನ ಪಕ್ಕ ಇನ್ನಷ್ಟು ಸರಿದಳು.

ಧೀರೇಂದ್ರ ಕಣ್ಣು ಮುಚ್ಚಿ ಶುರು ಮಾಡಿದ. ಹಾಡು ಏರಿತು, ಒಂದೊಂದೇ ಮೆಟ್ಟಿಲು. ನಿಷಾದಕ್ಕೆ ಬಂದು, ಅವಳು ಬರೆದಂತೆಯೇ, ನಿಂತ. ಕಮಾನು ತಂತಿ ಬಿಟ್ಟು ಮೇಲೆದ್ದಿತು. ಯಾರೋ ಚಪ್ಪಾಳೆಗೆ ಕೈ ಎತ್ತಿದರು.

ಅವನು ಕಣ್ಣು ತೆರೆದು ಸಮತಾಳನ್ನು ನೋಡಿದ. ಕಮಾನನ್ನು ಮತ್ತೆ ತಂತಿಗೆ ತಾಗಿಸಿದ, ತಾಗಿಯೂ ತಾಗದಷ್ಟು.

ಹಾಡು ಷಡ್ಜಕ್ಕೆ ಏರಲಿಲ್ಲ. ಇಳಿಯಿತು. ನಿಷಾದದಿಂದ ಪಂಚಮಕ್ಕೆ, ಅಲ್ಲಿ ಸ್ವಲ್ಪ ತಂಗಿ ಗಾಂಧಾರಕ್ಕೆ, ಬರಿಗಾಲಲ್ಲಿ ಯಾರೋ ಮೆಟ್ಟಿಲಿಳಿದಂತೆ, ಕೆಳಗಿನ ಷಡ್ಜದವರೆಗೆ. ಸಮತಾಳ ಮೈ ಜುಮ್ಮೆಂದಿತು. ಅವಳಿಗೆ ಅದು ಗೊತ್ತಿತ್ತು. ಕೂಸು ಮಲಗಿದ ಮೇಲೆ ಕೌದಿ ಹೊದಿಸಿ, ಮೇಲೆದ್ದು, ಒಲೆಯ ಕಡೆ ಹೋಗುತ್ತ ಆಯಿ ತನ್ನಷ್ಟಕ್ಕೆ ತಾನೇ ಗುನುಗುತ್ತಿದ್ದದ್ದು. ನಿದ್ದೆಯೊಳಗೆ ಕೇಳಿದ್ದು, ಎಚ್ಚರದಲ್ಲಿ ಎಂದೂ ನೆನಪಾಗದ್ದು. ಪಕ್ಕದಲ್ಲಿ ಅವ್ವನ ಕೈ ಅವಳಿಗೇ ಅರಿವಿಲ್ಲದೆ ತೊಡೆ ತಟ್ಟುತ್ತಿತ್ತು.

ಚಪ್ಪಾಳೆ ಬೀಳಲಿಲ್ಲ.

"ಈ ತುದಿ ಯಾರದೋ?" ಹಜರತಅಲಿ ಸರ್ ಮುಂದಿನ ಸಾಲಿನಿಂದ ಕೇಳಿದರು.

"ಅವರದ ಸರ್."

"ಅಕಿ ಬರದಿಲ್ಲಲ್ಲ."

"ಬರದಿಲ್ಲ ಸರ್, ಹಾಡ್ಯಾರ. ಹಾನಗಲ್ ಬಸ್ಸಿನ್ಯಾಗ, ಬಂಕಾಪುರದ ಹತ್ರ. ಹಾಡಿದ್ದು ಅವರಿಗೇ ಗೊತ್ತಿಲ್ಲ. ನಾ ಕೇಳೀನಿ."

ಸಮತಾಳ ಮುಖ ಕಿವಿಯವರೆಗೆ ಬಿಸಿಯಾಯಿತು. ಬಂಕಾಪುರದ ಹತ್ತಿರ. ಅಂದರೆ ಮಲಗಿರಲಿಲ್ಲ. ಅಂದರೆ ಅದಕ್ಕೂ ಮೊದಲಿನದನ್ನೂ ಕೇಳಿದ್ದ, ಒಂದೊಂದು ಮಾತನ್ನೂ.

ಸರ್ ಅವಳತ್ತ ತಿರುಗಿದರು. "ಹೌದೇನವಾ ಸಮತಾ? ನಿಂದ ಏನು ಇದು?"

ಇಲ್ಲ ಅಂದರೆ ಆಯಿಯ ಹಾಡಿಗೆ ತುದಿ ಇಲ್ಲ. ಹೌದು ಅಂದರೆ ಬಸ್ಸಿನಲ್ಲಿ ಆಡಿದ್ದಕ್ಕೆಲ್ಲ ಹೌದು. ವೇದಿಕೆಯ ಮೇಲೆ ಧೀರೇಂದ್ರ ಅವಳ ಉತ್ತರಕ್ಕೇ ಕಾದು ನಿಂತಿದ್ದ, ಕಮಾನು ಕೆಳಗಿಳಿಸುವುದನ್ನೂ ಮರೆತು.

ಅವಳು ಎದ್ದು ನಿಂತಳು. "ಹೌದ್ರಿ ಸರ್," ಅಂದಳು. "ನಂದ ಅದು."

ಆಗ ಬಿತ್ತು ಚಪ್ಪಾಳೆ.

ಸಂಜೆ ಮರದ ಕೆಳಗೆ ಅವನು ಮೊದಲೇ ಬಂದು ನಿಂತಿದ್ದ. ಅಂಗಿಯ ಮೇಲೆ ರಾಳದ ಪುಡಿ.

"ಸುಳ್ಳು ನಿದ್ದಿ," ಅಂದಳು.

"ಮೊದಲು ಖರೇನ ತೂಕಡಿಕಿ ಬಂದಿತ್ತು. ನಿಮ್ಮ ಹೆಗಲಿಗೆ ತಲಿ ತಾಗಿದ ಕೂಡ್ಲೆ ಹಾರಿಹೋತು. ಎತ್ತಲಿಕ್ಕೆ ಮನಸ್ಸಾಗಲಿಲ್ಲ."

"ಮತ್ತ ಇಷ್ಟು ದಿನ ಯಾಕ ತಪ್ಪಿಸ್ಕೊಂಡು ತಿರಗಿದ್ರಿ?"

"ನಿಮ್ಮನಿಗೆ ನಮ್ಮನಿಗೆ ಭಾಳ ದಾರಿ ಅದ ಅಂದಿದ್ರಲ್ಲ. ಮೊದಲು ನನ್ನ ಪಾಲಿನ ದಾರಿ ನಡದು ಬರಬೇಕು ಅನಕೊಂಡೆ. ಅವ್ವಗ ಹೇಳಿದೆ. ಕೆಲವು ದಿನ ಮಾತು ಬಿಟ್ಟಿದ್ರು. ಆಮ್ಯಾಲೆ ಒಂದು ಮುಂಜಾನೆ ಚಹಾ ಕೊಡತ, ಕಛೇರಿ ಎಷ್ಟಕ್ಕ ಅಂತ ಕೇಳಿದ್ರು."

"ಅದು ಒಪ್ಪಿಗಿ ಏನು?"

"ಅಲ್ಲ. ಆದ್ರ ಬಂದಾರ. ಅಲ್ಲಿ ನೋಡ್ರಿ."

ಬಂಗ್ಲೆಯ ಮೆಟ್ಟಿಲ ಮೇಲೆ ಎರಡು ಚಹಾ ಕಪ್ಪು, ಇಬ್ಬರು ತಾಯಂದಿರು. ಕೃಷ್ಣಾಬಾಯಿ ಏನೋ ಕೇಳುತ್ತಿದ್ದರು. ಅವ್ವ ತೊಡೆ ತಟ್ಟಿ ತೋರಿಸುತ್ತಿದ್ದಳು. ನಡುವೆ ಇನ್ನೂ ಒಬ್ಬರು ಕೂರುವಷ್ಟು ಜಾಗವಿತ್ತು, ಆದರೆ ಮೆಟ್ಟಿಲು ಒಂದೇ.

"ಈಗ ಎಚ್ಚರದೀನಿ," ಅಂದ ಧೀರೇಂದ್ರ. "ಅವತ್ತಿಂದು ಇನ್ನೊಮ್ಮೆ ಹೇಳ್ರಿ. ಬೇಕಾದ್ರ ಕಣ್ಣು ಮುಚ್ಚಿಕೋತೀನಿ." ಹೇಳಿ, ನಿಜಕ್ಕೂ ಮುಚ್ಚಿದ.

ಸಮತಾ ಕೈ ಚಾಚಿ ಅವನ ಅಂಗಿಯ ಮೇಲಿನ ಬಿಳಿ ಪುಡಿಯನ್ನು ಝಾಡಿಸಿದಳು. ಎಂದಿನಿಂದಲೋ ಮಾಡಬೇಕೆಂದಿದ್ದ ಕೆಲಸ. ಆ ಕೈಯನ್ನು ಅಲ್ಲೇ ಇಟ್ಟಳು.

"ಕಣ್ಣು ತಗಿ," ಅಂದಳು. "ಈ ಸಲ ನನ್ನ ನೋಡ್ಕೋತ ಕೇಳು."

ಅವನು ತೆಗೆದ. ಅವಳು ಹೇಳಿದಳು.